ಮಾರ್ಟಿಂಗೇಲ್ ಬೇರೆ, ಡಬಲ್ ಡೌನ್ ಬೇರೆ

ಬ್ಲ್ಯಾಕ್‌ಜ್ಯಾಕ್ ಕಲಿಸುವ ವಿಡಿಯೊ ಒಂದನ್ನು ನೋಡುತ್ತಿದ್ದೆ. ಎಲೆಗಳ ಮೊತ್ತ 21 ದಾಟದಂತೆ, ಕ್ಯಾಸಿನೊ ಪರ ಆಡುವ ಡೀಲರ್‌ಗಿಂತ 21ಕ್ಕೆ ಹತ್ತಿರವಾಗಬೇಕಾದ ಇಸ್ಪೀಟಾಟ ಅದು. 'ನಿಮ್ಮ ಕೈಲಿ 11 ಇದೆ, ಡೀಲರ್ ಮುಂದೆ 6 ಇದೆ. ಈಗ ಮಾರ್ಟಿಂಗೇಲ್ ಮಾಡಿ' ಅಂದರು. ಅಲ್ಲಿಗೇ ನಿಲ್ಲಿಸಿದೆ. ಈ ತಪ್ಪನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಅವರು ಹೇಳಬೇಕಿದ್ದದ್ದು ಡಬಲ್ ಡೌನ್.

ಎರಡಕ್ಕೂ ನಾವು 'ಡಬಲ್ ಮಾಡು' ಅನ್ನುವುದೇ ಈ ಗೊಂದಲದ ಬೇರು. ಡಬಲ್ ಡೌನ್ ಮಾಡುವುದು ಎಲೆ ನೋಡಿದ ಮೇಲೆ. ನಿಮ್ಮ ಎರಡು ಎಲೆ, ಡೀಲರ್‌ನ ತೆರೆದ ಎಲೆ ಎರಡನ್ನೂ ತೂಗಿ, ಪಣದಷ್ಟೇ ಹಣವನ್ನು ಮತ್ತೆ ಇಟ್ಟು, ಇನ್ನೊಂದೇ ಎಲೆ ತೆಗೆದುಕೊಳ್ಳುತ್ತೀರಿ. ಗೆಲ್ಲುವ ಸಾಧ್ಯತೆ ಜಾಸ್ತಿ ಇರುವ ಕಡೆ ಹಣ ಜಾಸ್ತಿ ಹಾಕುವುದು ಅದು. ಮಾರ್ಟಿಂಗೇಲ್‌ನಲ್ಲಿ ಎಲೆ ಬೀಳುವ ಮೊದಲೇ ಪಣ ದುಪ್ಪಟ್ಟಾಗಿರುತ್ತದೆ. ಕಾರಣ ಒಂದೇ, ಹಿಂದಿನ ಕೈ, ಅಂದರೆ ಹಿಂದಿನ ಸುತ್ತು, ಸೋತಿದ್ದೀರಿ. ಮುಂದೆ ಬರುವ ಎಲೆಗೂ ಅದಕ್ಕೂ ಸಂಬಂಧವೇ ಇಲ್ಲ. ಗೆಲ್ಲುವವರೆಗೂ ಹೀಗೇ ದುಪ್ಪಟ್ಟು, ಗೆದ್ದ ಮೇಲೆ ಮತ್ತೆ ಮೊದಲ ಪಣ.

ಹೆಸರು ಎಲ್ಲಿಂದ ಬಂತು ಎಂದು ನೋಡಿದರೆ ವಿಷಯ ಇನ್ನೂ ಸ್ಪಷ್ಟವಾಗುತ್ತದೆ. ದಕ್ಷಿಣ ಫ್ರಾನ್ಸಿನಲ್ಲಿ, ಮಾರ್ಸೇ ನಗರದ ಹತ್ತಿರ, ಮಾರ್ತಿಗ್ ಎಂಬ ಊರಿದೆ. ಸುತ್ತಲಿನವರು ಅಲ್ಲಿಯ ಜನರನ್ನು ಪೆದ್ದರೆಂದು ಆಡಿಕೊಳ್ಳುತ್ತಿದ್ದರು. ನಮ್ಮಲ್ಲೂ ಪಕ್ಕದ ಊರಿನವರ ಬಗ್ಗೆ ಇಂಥ ಕತೆಗಳಿರುತ್ತವೆ, ಅಲ್ವಾ? ಆ ಸೀಮೆಯ ಪ್ರೊವೆನ್ಸಾಲ್ ಭಾಷೆಯಲ್ಲಿ 'ಮಾರ್ತಿಗ್‌ನವರ ಹಾಗೆ ಆಡುವುದು' ಎಂದರೆ ತಲೆಬುಡವಿಲ್ಲದೆ ಆಡುವುದು. ಪಣದ ಈ ಪದ್ಧತಿಗೆ ಹೆಸರು ಅಲ್ಲಿಂದ ಬಂತು ಎಂಬುದು ಹೆಚ್ಚಿನವರು ಒಪ್ಪುವ ಮಾತು. ಕುದುರೆ ತಲೆ ಮೇಲೆತ್ತದಂತೆ ಕಟ್ಟುವ ಪಟ್ಟಿಗೂ ಮಾರ್ಟಿಂಗೇಲ್ ಎಂದೇ ಹೆಸರು. ಹಾಗಾಗಿ ಜೂಜಿನ ಪದ ಆ ಪಟ್ಟಿಯಿಂದ ಬಂತು ಎನ್ನುವವರೂ ಇದ್ದಾರೆ. ನನಗೆ ಊರಿನ ಕತೆಯೇ ಸರಿ ಅನ್ನಿಸುತ್ತದೆ. ಏಕೆಂದರೆ ಇದನ್ನು ಹುಚ್ಚಾಟ ಎಂದು ಮೊದಲೇ ಕಂಡುಕೊಂಡವರು ಇಟ್ಟ ಹೆಸರು ಅದು. ಈಗ ಅದೇ ಪದವನ್ನು ಗೆಲ್ಲುವ ಸೂತ್ರದ ಹೆಸರಿನಂತೆ ಮಾರುತ್ತಾರೆ.

1754ರಲ್ಲಿ ಇಟಲಿಯ ಸಾಹಸಿ ಕಾಸನೋವ ವೆನಿಸ್‌ನಲ್ಲಿ ಫಾರೊ ಎಂಬ ಇಸ್ಪೀಟಾಟವನ್ನು ಮಾರ್ಟಿಂಗೇಲ್ ಹಿಡಿದು ಆಡಿದ. ಮೊದಮೊದಲು ದಿನವೂ ಗೆದ್ದ. ಆಮೇಲೆ ಅದೇ ಪದ್ಧತಿಯಲ್ಲಿ ಎಲ್ಲವನ್ನೂ ಕಳೆದುಕೊಂಡ. ಇದನ್ನು ತನ್ನ ಆತ್ಮಕಥೆಯಲ್ಲಿ ಅವನೇ ಬರೆದಿದ್ದಾನೆ.

ಬ್ಲ್ಯಾಕ್‌ಜ್ಯಾಕ್‌ನಲ್ಲೂ ಲೆಕ್ಕ ಅದೇ. 100 ರೂಪಾಯಿಂದ ಶುರು ಮಾಡಿ ಸತತ 7 ಕೈ ಸೋತರೆ ಹೋಗುವುದು 12,700 ರೂಪಾಯಿ. ಎಂಟನೇ ಪಣ 12,800. ಮೇಜಿನ ಮಿತಿ 10,000 ಇದ್ದರೆ ಅದನ್ನು ಇಡಲು ಬಿಡುವುದೇ ಇಲ್ಲ. 7 ಸೋಲು ಅಷ್ಟು ಅಪರೂಪವೂ ಅಲ್ಲ. ಸರಿಯಾಗಿ ಆಡುವವರೂ 100 ಕೈಯಲ್ಲಿ ಸುಮಾರು 49 ಸೋಲುತ್ತಾರೆ, 42–43 ಗೆಲ್ಲುತ್ತಾರೆ, ಉಳಿದವು ಸಮ. ಸಮವಾದ ಕೈಗಳನ್ನೂ, ಡಬಲ್, ಸ್ಪ್ಲಿಟ್‌ಗಳನ್ನೂ (ಒಂದೇ ಬೆಲೆಯ ಎರಡು ಎಲೆಯನ್ನು ಎರಡು ಕೈಗಳಾಗಿ ಒಡೆಯುವುದು ಸ್ಪ್ಲಿಟ್) ಬದಿಗಿಟ್ಟು ನೋಡಿದರೆ, 100 ರೂಪಾಯಿಂದ ಶುರುವಾಗುವ ಸುಮಾರು 80 ಸರಣಿಗಳಲ್ಲಿ ಒಂದು 7 ಸೋಲಿಗೆ ಮುಟ್ಟುತ್ತದೆ. ಉಳಿದ 79ರಲ್ಲಿ ಬರುವುದು ತಲಾ 100, ಒಟ್ಟು 7,900. ಆ ಒಂದರಲ್ಲಿ ಹೋಗುವುದು 12,700.

ಇದಕ್ಕಿಂತ ನನ್ನನ್ನು ಕಾಡುವುದು ಇನ್ನೊಂದು. ಸೋಲು ಗೆಲುವಿಗಿಂತ ಇಷ್ಟು ಜಾಸ್ತಿ ಇದ್ದರೂ, ಒಳ್ಳೆಯ ನಿಯಮಗಳಿದ್ದರೆ ಕ್ಯಾಸಿನೊದ ಪಾಲು ಹತ್ತಿರ ಹತ್ತಿರ ಅರ್ಧ ಶೇಕಡ ಮಾತ್ರ. ಅದನ್ನು ಅಷ್ಟು ಕೆಳಗಿಡುವುದು ಬ್ಲ್ಯಾಕ್‌ಜ್ಯಾಕ್ (ಮೊದಲ ಎರಡೇ ಎಲೆಯಲ್ಲಿ 21) ಬಿದ್ದಾಗ ಸಿಗುವ ಒಂದೂವರೆ ಪಟ್ಟು ಹಣ, ಜೊತೆಗೆ ಡಬಲ್ ಡೌನ್, ಸ್ಪ್ಲಿಟ್. ಈಗ ಐದು ಸಲ ಸೋತು 3,200 ಪಣ ಇಟ್ಟವರಿಗೆ 11 ಬಿತ್ತು ಅಂದುಕೊಳ್ಳಿ. ಡಬಲ್ ಮಾಡಲು ಇನ್ನೂ 3,200 ಬೇಕು. ಜೇಬಿನಲ್ಲಿ ಇರುವುದಿಲ್ಲ, ಇದ್ದರೂ ಕೈ ನಡುಗುತ್ತದೆ. ಡಬಲ್ ಬಿಟ್ಟು ಸುಮ್ನೆ ಒಂದು ಎಲೆ ಕೇಳುತ್ತಾರೆ. ಅಲ್ಲಿಗೆ ಆಟ ಕೊಟ್ಟಿದ್ದ ಒಳ್ಳೆಯ ಅವಕಾಶ ಹೋಯಿತು. ಮಾರ್ಟಿಂಗೇಲ್ ಅನ್ನುವುದು ಡಬಲ್ ಡೌನ್ ಅಲ್ಲ ಅಷ್ಟೇ ಅಲ್ಲ, ಅದನ್ನು ಮಾಡಲೂ ಬಿಡುವುದಿಲ್ಲ.

ಪಣ ಏರಿಸಿದ್ದಕ್ಕೆಲ್ಲ ಮಾರ್ಟಿಂಗೇಲ್ ಅನ್ನುವುದೂ ತಪ್ಪು. ಗೆದ್ದಾಗ ದುಪ್ಪಟ್ಟು ಮಾಡುವುದು ಪರೋಲಿ. ಸೋತಾಗ ಒಂದು ಮೆಟ್ಟಿಲು ಹತ್ತಿ, ಗೆದ್ದಾಗ ಒಂದು ಇಳಿಯುವುದು ಡಾಲೆಂಬರ್. ಗಣಿತಜ್ಞ ಎಡ್ವರ್ಡ್ ಥಾರ್ಪ್ 1962ರಲ್ಲಿ ಲೋಕಕ್ಕೆ ತಿಳಿಸಿದ ಎಲೆ ಎಣಿಕೆ ಇವುಗಳ ಸಾಲಿಗೇ ಸೇರುವುದಿಲ್ಲ. ಅದರಲ್ಲೂ ಪಣ ಏರುತ್ತದೆ, ನಿಜ. ಆದರೆ ಅದು ಏರುವುದು ಉಳಿದ ಕಟ್ಟಿನಲ್ಲಿ ಹತ್ತು, ಎಕ್ಕ ಜಾಸ್ತಿ ಇರುವಾಗ, ನೀವು ಸೋತಿದ್ದಕ್ಕಲ್ಲ.

'ಗಣಿತದಲ್ಲೇ ಮಾರ್ಟಿಂಗೇಲ್ ಸಿದ್ಧಾಂತ ಇದೆಯಲ್ಲ' ಎಂದು ವಾದಿಸುವವರಿಗೆ ಒಂದು ಮಾತು. ಸಂಭವನೀಯತೆಯ ಗಣಿತಕ್ಕೆ ಈ ಹೆಸರನ್ನು ತಂದವರು ಫ್ರಾನ್ಸಿನ ಜ್ಯಾಂ ವಿಲ್, 1939ರಲ್ಲಿ. ಅಲ್ಲಿ ಅದರ ಅರ್ಥ, ಈಗ ಕೈಲಿರುವಷ್ಟೇ ಹಣ ಮುಂದಿನ ಹೆಜ್ಜೆಯಲ್ಲೂ ಸರಾಸರಿ ಇರುವ ಆಟ. ಅಂದರೆ ಯಾರ ಕಡೆಗೂ ವಾಲದ ಆಟ. ಹಣಕ್ಕೂ ಪಣಕ್ಕೂ ಮಿತಿ ಇದ್ದರೆ, ಪಣವನ್ನು ಹೇಗೆ ಬದಲಿಸಿದರೂ ಅಂಥ ಆಟವನ್ನು ಲಾಭದ ಆಟ ಮಾಡಲಾಗದು ಎಂದೇ ಆ ಗಣಿತ ತೋರಿಸುತ್ತದೆ. ಸಾಮಾನ್ಯ ಬ್ಲ್ಯಾಕ್‌ಜ್ಯಾಕ್ ಆಟಗಾರನ ಹಣ ಪ್ರತಿ ಕೈಗೂ ಸರಾಸರಿ ಸ್ವಲ್ಪ ಇಳಿಯುತ್ತದೆ. ಅದಕ್ಕೆ ಅಲ್ಲಿ ಬೇರೆ ಹೆಸರಿದೆ, ಸೂಪರ್‌ಮಾರ್ಟಿಂಗೇಲ್. 'ಸೂಪರ್' ಎಂದಿದ್ದರೂ ಅದು ಇಳಿಯುವ ಲೆಕ್ಕ.