ಎಕ್ಸೋಸ್ಕೆಲಿಟನ್: ಮೈಗೆ ಕಟ್ಟಿಕೊಳ್ಳುವ ಯಂತ್ರದಲ್ಲಿ ಭಾರ ಹೋಗುವುದೆಲ್ಲಿಗೆ?

ಎಕ್ಸೋಸ್ಕೆಲಿಟನ್ ಅಂದ ಕೂಡಲೇ ಸುಮಾರು ಜನರ ಕಣ್ಮುಂದೆ ಬರುವುದು ಸಿನಿಮಾದ ಲೋಹದ ಸೂಟು. ಹಾಕಿಕೊಂಡವನು ಕಾರು ಎತ್ತಿ ಎಸೆಯುತ್ತಾನೆ, ಗೋಡೆ ಒಡೆದುಕೊಂಡು ಹೋಗುತ್ತಾನೆ. ಇವತ್ತು ಕಾರ್ಖಾನೆಗಳಲ್ಲಿ ನಿಜಕ್ಕೂ ಬಳಕೆಯಲ್ಲಿರುವುದನ್ನು ನೋಡಿದರೆ ಅಂಥವರಿಗೆ ನಿರಾಸೆಯಾದೀತು. ನಾಲ್ಕು ಪಟ್ಟಿ, ಒಂದು ಬೆಲ್ಟು, ಒಂದೆರಡು ಸ್ಪ್ರಿಂಗು. ಎಷ್ಟೋ ಸಲ ಮೋಟರೂ ಇರುವುದಿಲ್ಲ, ಬ್ಯಾಟರಿಯೂ ಇರುವುದಿಲ್ಲ.

ಹೆಸರು ಬಂದಿದ್ದು ಜೀವಶಾಸ್ತ್ರದಿಂದ. ಏಡಿಗೆ, ಜೀರುಂಡೆಗೆ ಒಳಗೆ ಮೂಳೆ ಇಲ್ಲ, ಹೊರಗಿನ ಗಟ್ಟಿ ಚಿಪ್ಪೇ ಮೈಗೆ ಆಧಾರ. ಯಂತ್ರಕ್ಕೆ ಈ ಹೆಸರಿಟ್ಟಾಗ ಅರ್ಥ ಇಷ್ಟೇ: ನಮ್ಮ ಕೀಲುಗಳ ಪಕ್ಕದಲ್ಲೇ ತನ್ನ ಕೀಲುಗಳನ್ನು ಇಟ್ಟುಕೊಂಡು, ಮೈಗೆ ಕಟ್ಟಿಸಿಕೊಂಡು, ಮೈ ಜೊತೆಗೇ ಅಲ್ಲಾಡುವ ಚೌಕಟ್ಟು. ಕೃತಕ ಕಾಲಿಗೂ ಇದಕ್ಕೂ ವ್ಯತ್ಯಾಸ ಇದೆ. ಕೃತಕ ಕಾಲು ಇಲ್ಲದ ಕಾಲಿನ ಜಾಗದಲ್ಲಿ ನಿಲ್ಲುತ್ತದೆ. ಎಕ್ಸೋಸ್ಕೆಲಿಟನ್ ಇರುವ ಕಾಲಿನ ಮೇಲೆಯೇ ಕೂರುತ್ತದೆ.

‘ಮನುಷ್ಯನ ಬಲ ಹೆಚ್ಚಿಸುವ ಯಂತ್ರ’ ಅಂತ ಇದನ್ನು ಪರಿಚಯಿಸುವುದು ರೂಢಿ. ನನಗೆ ಆ ಮಾತು ಪೂರ್ತಿ ಒಪ್ಪಿಗೆಯಿಲ್ಲ. ಇವುಗಳಲ್ಲಿ ಬಹುಪಾಲು ಮಾಡುವ ಕೆಲಸ, ಒಂದು ಕಡೆ ಬೀಳುವ ಹೊರೆಯನ್ನು ಇನ್ನೊಂದು ಕಡೆಗೆ ದಾಟಿಸುವುದು. ಯಾವ ಎಕ್ಸೋಸ್ಕೆಲಿಟನ್ ಬಗ್ಗೆ ಓದಿದರೂ ಭಾರ ಎಲ್ಲಿಂದ ಎಲ್ಲಿಗೆ ಹೋಯಿತು ಅಂತ ಕೇಳಿಕೊಂಡರೆ ಅದು ಅರ್ಧ ಅರ್ಥವಾದ ಹಾಗೆ.

ಬೆನ್ನಿನ ಲೆಕ್ಕವನ್ನೇ ತೆಗೆದುಕೊಳ್ಳಿ. ಬಗ್ಗಿ ಒಂದು 20 ಕಿಲೋ ಪೆಟ್ಟಿಗೆ ಎತ್ತುತ್ತೀರಿ. ಪೆಟ್ಟಿಗೆ ನಿಮ್ಮ ಬೆನ್ನುಮೂಳೆಯಿಂದ ಅರ್ಧ ಮೀಟರ್ ಮುಂದಿದೆ. ಅದನ್ನು ಹಿಡಿದು ನಿಲ್ಲಿಸಬೇಕಾದ ಬೆನ್ನಿನ ಸ್ನಾಯು ಮೂಳೆಯಿಂದ ಹಿಂದಕ್ಕೆ ಇರುವುದು ಬರೀ 5 ಸೆಂಟಿಮೀಟರ್ ಆಸುಪಾಸು. ಏತದ ಲೆಕ್ಕವೇ ಇಲ್ಲೂ. ಆ ಕಡೆ ಹತ್ತು ಪಟ್ಟು ಉದ್ದ ಅಂದರೆ ಈ ಕಡೆ ಹತ್ತು ಪಟ್ಟು ಎಳೆತ. 20 ಕಿಲೋ ಪೆಟ್ಟಿಗೆಗೆ ಸ್ನಾಯು 200 ಕಿಲೋ ಮಟ್ಟದಲ್ಲಿ ಎಳೆಯಬೇಕು, ಅಷ್ಟೂ ಸೊಂಟದ ಡಿಸ್ಕುಗಳನ್ನು ಅಮುಕುತ್ತದೆ. ನಿಮ್ಮ ಸ್ವಂತ ಎದೆ, ತಲೆ, ತೋಳಿನ ತೂಕ ಇನ್ನೂ ಲೆಕ್ಕಕ್ಕೆ ಬಂದಿಲ್ಲ. ಹಾಗಾಗಿ ಸುಮ್ನೆ ಬಗ್ಗಿ ಕೆಲಸ ಮಾಡುವವರಿಗೂ ಸೊಂಟ ಹಿಡಿಯುತ್ತದೆ.

ಜಪಾನಿನ ಇನ್ನೋಫಿಸ್ ಕಂಪನಿಯ ‘ಮಸಲ್ ಸೂಟ್’ ಇರುವುದು ಈ ತೊಂದರೆಗೇ. ಇದು ಟೋಕಿಯೋ ಯೂನಿವರ್ಸಿಟಿ ಆಫ್ ಸೈನ್ಸ್‌ನ ಹಿರೋಶಿ ಕೊಬಯಾಶಿ ಅವರ ಕೆಲಸದಿಂದ ಹುಟ್ಟಿದ್ದು. 2019ರಲ್ಲಿ ಬಂದ ಮಾದರಿಯ ತೂಕ 3.8 ಕಿಲೋ. ಅದರ ಬೆನ್ನಿನಲ್ಲಿ ರಬ್ಬರ್ ಕೊಳವೆಗಳಿವೆ, ಅವುಗಳ ಮೇಲೆ ಗಟ್ಟಿ ಬಲೆ. ಕೈಪಂಪಿನಿಂದ ಗಾಳಿ ತುಂಬಿದರೆ ಕೊಳವೆ ಉಬ್ಬುತ್ತದೆ. ಬಲೆ ಇರುವುದರಿಂದ ಉಬ್ಬಿದಷ್ಟೂ ಗಿಡ್ಡವಾಗುತ್ತದೆ. ಗಿಡ್ಡವಾಗುವುದು ಅಂದರೆ ಎಳೆಯುವುದು, ಅಲ್ವಾ? ಸ್ನಾಯು ಮಾಡುವುದೂ ಅದನ್ನೇ. ನೀವು ಬಗ್ಗಿದಾಗ ಕೊಳವೆ ಎಳೆದು ಉದ್ದವಾಗುತ್ತದೆ, ಏಳುವಾಗ ನಿಮ್ಮ ಮುಂಡವನ್ನು ಹಿಂದಕ್ಕೆಳೆಯುತ್ತದೆ. ಹಾಗೆ ಎಳೆಯಲು ಅದಕ್ಕೆ ಒತ್ತಿಕೊಳ್ಳಲೊಂದು ಜಾಗ ಬೇಕು. ಆ ಜಾಗ ನಿಮ್ಮ ತೊಡೆ. ತೊಡೆಯ ಮುಂದಿರುವ ಎರಡು ದಪ್ಪ ಪ್ಯಾಡುಗಳ ಮೇಲೆ ಅಷ್ಟೂ ಒತ್ತಡ ಬೀಳುತ್ತದೆ. ಸೊಂಟ ಹೊರಬೇಕಿದ್ದ ಒಂದು ಪಾಲನ್ನು ತೊಡೆ ಹೊರುತ್ತದೆ. ಕಂಪನಿ ಹೇಳುವ ಸಹಾಯದ ಬಲ 25.5 ಕಿಲೋ. ಇದನ್ನು ಓದಿ ‘ಇನ್ನು 25 ಕಿಲೋ ಜಾಸ್ತಿ ಎತ್ತಬಹುದು’ ಅಂದುಕೊಳ್ಳಬೇಡಿ. ಪೆಟ್ಟಿಗೆ ಹಿಡಿದಿರುವುದು ನಿಮ್ಮ ಬೆರಳುಗಳೇ, ತೂಕ ಇಳಿಯುವುದು ನಿಮ್ಮ ಮಂಡಿ, ಪಾದಗಳ ಮೂಲಕವೇ.

ಭುಜಕ್ಕೂ ಇಂಥದ್ದೇ ಒಂದಿದೆ. ಕಾರು ಜೋಡಿಸುವ ಲೈನಿನಲ್ಲಿ ಕಾರು ಮೇಲೆ ನೇತಾಡುತ್ತಿರುತ್ತದೆ, ಕೆಲಸಗಾರರು ಕೆಳಗೆ ನಿಂತು ಕೈ ಮೇಲೆತ್ತಿ ಬೋಲ್ಟ್ ಬಿಗಿಯುತ್ತಾರೆ. ಫೋರ್ಡ್ ಕಂಪನಿ ಕೊಟ್ಟ ಲೆಕ್ಕದಂತೆ ಕೆಲವರು ದಿನಕ್ಕೆ ಸರಾಸರಿ 4,600 ಸಲ ಕೈ ಮೇಲೆತ್ತುತ್ತಾರೆ, ವರ್ಷಕ್ಕೆ ಸುಮಾರು 10 ಲಕ್ಷ ಸಲ. ಉಪಕರಣ ಹಗುರವೇ ಇರಬಹುದು, ಭುಜ ಸೋಲುವುದು ತೋಳಿನದೇ ತೂಕಕ್ಕೆ. 2018ರಲ್ಲಿ ಫೋರ್ಡ್ ತನ್ನ 15 ಕಾರ್ಖಾನೆಗಳಿಗೆ ‘ಎಕ್ಸೋವೆಸ್ಟ್’ ತಂದಿತು. ಮಾಡಿದ್ದು ಕ್ಯಾಲಿಫೋರ್ನಿಯಾದ ಎಕ್ಸೋ ಬಯೋನಿಕ್ಸ್. ಕರೆಂಟು ಬೇಡ, ಬರೀ ಸ್ಪ್ರಿಂಗು. ಕೈ ಮೇಲೆತ್ತಿದಾಗ ಒಂದೊಂದು ತೋಳಿಗೆ ಸುಮಾರು 2ರಿಂದ 7 ಕಿಲೋವರೆಗೆ ಆಸರೆ ಕೊಡುತ್ತದೆ. ತೋಳಿನ ಭಾರ ಚೌಕಟ್ಟಿನಗುಂಟ ಇಳಿದು ಸೊಂಟದ ಬೆಲ್ಟಿಗೆ ಬರುತ್ತದೆ. ಕೇಳಲು ಸಪ್ಪೆ. ಆದರೆ ನನ್ನ ಪ್ರಕಾರ ಈ ತಂತ್ರಜ್ಞಾನ ಗೆದ್ದಿರುವುದು ಇಂಥ ಸಪ್ಪೆ ಜಾಗಗಳಲ್ಲೇ.

ಸಿನಿಮಾ ಥರದ್ದನ್ನೂ ಮಾಡಲು ಹೋದವರಿದ್ದಾರೆ. 1965ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸೇನೆಯ ದುಡ್ಡಿನಲ್ಲಿ ‘ಹಾರ್ಡಿಮ್ಯಾನ್’ ಕೈಗೆತ್ತಿಕೊಂಡಿತು. ನೀವು 1 ಕಿಲೋ ಬಲ ಹಾಕಿದರೆ ಯಂತ್ರ 25 ಕಿಲೋ ಬಲ ಹಾಕಬೇಕು ಎಂಬುದು ಯೋಜನೆ. ಆಗಿದ್ದೇನು? ಯಂತ್ರದ ತೂಕವೇ ಸುಮಾರು 680 ಕಿಲೋ. ಒಂದು ತೋಳು ಮಾತ್ರ ನೆಟ್ಟಗೆ ಕೆಲಸ ಮಾಡಿತು, ಅದು 340 ಕಿಲೋವರೆಗೆ ಎತ್ತಿತು. ಇಡೀ ಮೈ ಒಟ್ಟಿಗೆ ಚಾಲೂ ಮಾಡಿದರೆ ಯಂತ್ರ ಹಿಡಿತ ತಪ್ಪಿ ಕೈಕಾಲು ಬಡಿಯುತ್ತಿತ್ತು. ಒಳಗೆ ಮನುಷ್ಯನನ್ನು ನಿಲ್ಲಿಸಿ ಪೂರ್ತಿ ಚಾಲೂ ಮಾಡುವ ಧೈರ್ಯ ಯಾರಿಗೂ ಬರಲಿಲ್ಲ. 1971ರ ಹೊತ್ತಿಗೆ ಕೆಲಸ ನಿಂತಿತು. 2013ರಲ್ಲಿ ಅಮೆರಿಕದ ವಿಶೇಷ ಪಡೆಗಳು ‘ಟ್ಯಾಲೋಸ್’ ಅಂತ ಮತ್ತೊಂದು ದೊಡ್ಡ ಕನಸು ಕಂಡವು. 2019ರಲ್ಲಿ ಅದನ್ನೂ ಕೈಬಿಟ್ಟರು. ಕೆಲವು ಬಿಡಿಭಾಗಗಳು ಉಪಯೋಗಕ್ಕೆ ಬಂದವು, ಸೂಟ್ ಬರಲಿಲ್ಲ.

ನಡುವೆ ಒಂದು ಒಳ್ಳೆಯ ಹೆಜ್ಜೆ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಬಿತ್ತು. 2004ರಲ್ಲಿ ಅಲ್ಲಿನ ಹೊಮಾಯೂನ್ ಕಜೆರೂನಿ ಅವರ ತಂಡ ತೋರಿಸಿದ ‘ಬ್ಲೀಕ್ಸ್’ ಕಾಲುಗಳು ಸುಮಾರು 45 ಕಿಲೋ ತೂಗುತ್ತಿದ್ದವು, ಮೇಲೆ 32 ಕಿಲೋ ಹೊರೆ. ಹಾಕಿಕೊಂಡವನಿಗೆ ಹೊತ್ತಿದ್ದೇನೆ ಅನ್ನಿಸುತ್ತಿದ್ದದ್ದು 2 ಕಿಲೋ ಚಿಲ್ಲರೆ. ಮಿಕ್ಕಿದ್ದು ಲೋಹದ ಕಾಲಿನಗುಂಟ ನೇರ ನೆಲಕ್ಕೆ. ಇಲ್ಲಿ ಮನುಷ್ಯನಿಗೆ ತೂಕ ಹೊರುವ ಕೆಲಸ ಕಳೆದು, ದಾರಿ ತೋರಿಸುವ ಕೆಲಸ ಉಳಿಯಿತು.

ಮೋಟರ್ ಇರುವ ಯಂತ್ರಕ್ಕೆ ನಿಮ್ಮ ಮನಸ್ಸಿನಲ್ಲಿರುವುದು ಗೊತ್ತಾಗಬೇಕು. ತಡವಾಗಿ ಗೊತ್ತಾದರೆ ಅದು ನಿಮ್ಮನ್ನೇ ಎಳೆದಾಡುತ್ತದೆ. ಬ್ಲೀಕ್ಸ್ ತನ್ನದೇ ಕೀಲುಗಳ ಚಲನೆ ನೋಡಿ ಊಹಿಸುತ್ತಿತ್ತು. ಜಪಾನಿನ ತ್ಸುಕುಬಾ ವಿಶ್ವವಿದ್ಯಾಲಯದ ಯೋಶಿಯುಕಿ ಸಾಂಕಾಯಿ ಬೇರೆ ದಾರಿ ಹಿಡಿದರು. ಕಾಲೆತ್ತಬೇಕು ಅಂದುಕೊಂಡಾಗ ಮೆದುಳಿನ ಸಂದೇಶ ನರದಗುಂಟ ಸ್ನಾಯುವಿಗೆ ಬರುತ್ತದೆ, ಅದರ ತೀರಾ ಸಣ್ಣ ವಿದ್ಯುತ್ ಗುರುತು ಚರ್ಮದ ಮೇಲೂ ಸಿಗುತ್ತದೆ. ಅವರ ‘ಹಾಲ್’ ಸೂಟಿನ ಸೆನ್ಸರುಗಳು ಅದನ್ನು ಹಿಡಿದು ಮೋಟರಿಗೆ ಹೇಳುತ್ತವೆ. ಸ್ನಾಯುವಿಗೆ ಶಕ್ತಿ ಸಾಲದಿದ್ದರೂ ಪರವಾಗಿಲ್ಲ, ಇಚ್ಛೆಯ ಗುರುತು ಸಿಕ್ಕರೆ ಸಾಕು. ಹಾಗಾಗಿಯೇ ಹಾಲ್ ಆಸ್ಪತ್ರೆಗಳಲ್ಲಿ ನಡಿಗೆ ಕಲಿಸಲು ಬಳಕೆಗೆ ಬಂತು.

ಆಸ್ಪತ್ರೆಯ ಎಕ್ಸೋಸ್ಕೆಲಿಟನ್ ಕಥೆಯೇ ಬೇರೆ. ಬೆನ್ನುಹುರಿಗೆ ಪೆಟ್ಟಾಗಿ ಕಾಲು ಬಿದ್ದವರನ್ನು ಎಬ್ಬಿಸಿ ನಿಲ್ಲಿಸುವ ‘ರೀವಾಕ್’ ಮಾಡಿದವರು ಇಸ್ರೇಲಿನ ಅಮಿತ್ ಗೋಫರ್. 1997ರ ಅಪಘಾತದಲ್ಲಿ ಅವರಿಗೇ ಕುತ್ತಿಗೆಯ ಕೆಳಗೆ ಸ್ವಾಧೀನ ಹೋಗಿತ್ತು. ರೀವಾಕ್ ಹಾಕಿಕೊಂಡು ನಡೆಯಲು ಕೈಯಲ್ಲಿ ಊರುಗೋಲು ಹಿಡಿಯಬೇಕು, ಅಷ್ಟು ಬಲ ಅವರ ಕೈಗಳಲ್ಲಿರಲಿಲ್ಲ. ತಾವೇ ಮಾಡಿದ ಯಂತ್ರ ತಮಗೇ ಒದಗಲಿಲ್ಲ. 2014ರಲ್ಲಿ ಔಷಧ, ವೈದ್ಯಕೀಯ ಸಾಧನಗಳಿಗೆ ಒಪ್ಪಿಗೆ ಕೊಡುವ ಅಮೆರಿಕದ ಸಂಸ್ಥೆ ಎಫ್‌ಡಿಎ ಇದನ್ನು ಮನೆಯಲ್ಲಿ ಬಳಸಲು ಒಪ್ಪಿತು. 2024ರಲ್ಲಿ ಅಲ್ಲಿನ ಸರ್ಕಾರಿ ವಿಮೆ ಮೆಡಿಕೇರ್ ಇಂಥ ಯಂತ್ರಕ್ಕೆ ಗೊತ್ತುಮಾಡಿದ ದರ ಸುಮಾರು 91 ಸಾವಿರ ಡಾಲರ್.

ಇಷ್ಟೆಲ್ಲ ಇದ್ದೂ ಯಾಕೆ ಎಲ್ಲೆಡೆ ಕಾಣುತ್ತಿಲ್ಲ? ಮೊದಲನೆಯದಾಗಿ, ನಮ್ಮ ಮಂಡಿ ಬಾಗಿಲ ತಿರುಗಣಿಯ ಕೆಲಸ ಮಾಡುವುದಿಲ್ಲ. ಮಡಚುವಾಗ ಮೂಳೆ ಉರುಳುತ್ತದೆ, ಜಾರುತ್ತದೆ. ಯಂತ್ರದ ಕೀಲು ಒಂದೇ ಕಡೆ ತಿರುಗಿದರೆ ಪಟ್ಟಿ ಮೇಲೆ ಕೆಳಗೆ ಸರಿದು ಚರ್ಮ ತರಚುತ್ತದೆ. ಇನ್ನು ತೂಕ ಎಲ್ಲಿದೆ ಎಂಬುದು ಮುಖ್ಯ. ಸೊಂಟಕ್ಕೆ ಕಟ್ಟಿದ ಒಂದು ಕಿಲೋಗಿಂತ ಪಾದಕ್ಕೆ ಕಟ್ಟಿದ ಒಂದು ಕಿಲೋ ಬಹಳ ಜಾಸ್ತಿ ದಣಿಸುತ್ತದೆ, ಪ್ರತಿ ಹೆಜ್ಜೆಗೂ ಅದನ್ನು ಬೀಸಬೇಕಲ್ಲ. ಹೀಗಾಗಿ ಬಹಳ ವರ್ಷಗಳ ತನಕ ನಡಿಗೆಗೆ ಸಹಾಯ ಮಾಡುವ ಯಂತ್ರಗಳು ನಡೆಯುವವರನ್ನು ಇನ್ನಷ್ಟು ಸುಸ್ತು ಮಾಡುತ್ತಿದ್ದವು. 2015ರಲ್ಲಿ ಸ್ಟೀವನ್ ಕಾಲಿನ್ಸ್ ಮತ್ತು ಗ್ರೆಗರಿ ಸವಿಕಿ ತಂಡ ಮೋಟರೇ ಇಲ್ಲದ ಒಂದು ಕಣಕಾಲಿನ ಪಟ್ಟಿ ಮಾಡಿ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿತು. ಮೀನಖಂಡದ ಹಿಂದೆ ಒಂದು ಸ್ಪ್ರಿಂಗು, ಒಂದು ಪುಟ್ಟ ಕ್ಲಚ್ಚು. ಪಾದ ನೆಲದ ಮೇಲಿದ್ದಾಗ ಕ್ಲಚ್ ಹಿಡಿಯುತ್ತದೆ, ಸ್ಪ್ರಿಂಗ್ ಹಿಗ್ಗಿ ಶಕ್ತಿ ಕೂಡಿಟ್ಟುಕೊಂಡು ಪಾದ ಎತ್ತುವಾಗ ವಾಪಸ್ ಕೊಡುತ್ತದೆ. ಪಾದ ಗಾಳಿಯಲ್ಲಿದ್ದಾಗ ಕ್ಲಚ್ ಬಿಟ್ಟುಬಿಡುತ್ತದೆ. ಒಂದೊಂದು ಕಾಲಿಗೆ ಅರ್ಧ ಕಿಲೋ ತೂಕದ ಈ ಸಾಧನ ನಡಿಗೆಗೆ ಬೇಕಾದ ಶಕ್ತಿಯನ್ನು ಸುಮಾರು 7 ಶೇಕಡಾ ಇಳಿಸಿತು.

ಮೋಟರ್ ಇರುವವೂ ಈಗ ಹಗುರವಾಗುತ್ತಿವೆ. 2025ರಲ್ಲಿ ಚೀನಾದ ತಾಯ್‌ಶಾನ್ ಬೆಟ್ಟದಲ್ಲಿ ಸೊಂಟ, ತೊಡೆಗೆ ಕಟ್ಟುವ ಯಂತ್ರಗಳನ್ನು ಯಾತ್ರಿಕರಿಗೆ ಬಾಡಿಗೆಗೆ ಕೊಡಲು ಶುರುಮಾಡಿದರು. ತೂಕ 2 ಕಿಲೋ ಒಳಗೆ, ಹತ್ತಬೇಕಾದ ಮೆಟ್ಟಿಲು ಏಳು ಸಾವಿರದ ಹತ್ತಿರ.

ನಮ್ಮಲ್ಲಿ ಈ ಕೆಲಸ ಬೆಂಗಳೂರಿನಲ್ಲೇ ನಡೆಯುತ್ತಿದೆ. ಡಿಆರ್‌ಡಿಒದ ಡೆಬೆಲ್ ಎಂಬ ಲ್ಯಾಬ್ ಸೈನಿಕರಿಗಾಗಿ ಎಕ್ಸೋಸ್ಕೆಲಿಟನ್ ಮೇಲೆ ಕೆಲಸ ಮಾಡುತ್ತಿದೆ. 2023ರ ಏಪ್ರಿಲ್‌ನಲ್ಲಿ ಈ ವಿಷಯದ ಮೇಲೆ ಡಿಆರ್‌ಡಿಒದ ಮೊದಲ ಅಂತರರಾಷ್ಟ್ರೀಯ ಕಾರ್ಯಾಗಾರವೂ ಬೆಂಗಳೂರಿನಲ್ಲೇ ನಡೆಯಿತು.

ಸೈನಿಕರದ್ದು ಸರಿ, ಎಪಿಎಂಸಿ ಯಾರ್ಡಿನ ಹಮಾಲರಿಗೆ? ಬೆಲೆ ಬಿಡಿ, ಮಸಲ್ ಸೂಟೇ ಒಂದೂವರೆ ಲಕ್ಷ ಯೆನ್ ಹತ್ತಿರ ಇತ್ತು. ಅದಕ್ಕಿಂತ ದೊಡ್ಡ ತೊಡಕು ಬೇರೆ ಇದೆ. ಇವತ್ತಿನ ಬೆನ್ನಿನ ಸೂಟುಗಳನ್ನು ಮಾಡಿರುವುದು ಮುಂದೆ ಬಗ್ಗಿ ಕೈಯಲ್ಲಿ ಪೆಟ್ಟಿಗೆ ಎತ್ತುವವರಿಗೆ. ಹಮಾಲರು ಮೂಟೆಯನ್ನು ಕತ್ತಿನ ಹಿಂದೆ, ಬೆನ್ನಿನ ಮೇಲೆ ಹೇರಿಕೊಂಡು ಓಡುತ್ತಾರೆ. ಮೂಟೆ ಕೂರುವ ಜಾಗದಲ್ಲೇ ಸೂಟಿನ ಚೌಕಟ್ಟು ಕೂತಿರುತ್ತದೆ. ಅವರಿಗೆ ಬೇಕಾಗುವುದು ಬೆನ್ನನ್ನು ಖಾಲಿ ಬಿಟ್ಟು, ಭುಜದ ಮೇಲಿನ ತೂಕವನ್ನು ಪಕ್ಕದಿಂದ ನೆಲಕ್ಕೆ ಇಳಿಸುವ, ಲಾರಿಯ ಹಲಗೆ ಹತ್ತುವಾಗಲೂ ಕಾಲಿಗೆ ತೊಡರದ ಇನ್ನೊಂದು ಬಗೆ.