ಬದುಕಿರುವ ತಾತನ ಹೆಸರು ಮೊಮ್ಮಗನಿಗೆ ಇಡಬಹುದಾ?

ಪ್ರಶ್ನೆ: ಇಸ್ರೇಲಿನಲ್ಲಿರುವ ನನ್ನ ಯಹೂದಿ ಗೆಳತಿಗೆ ಚೊಚ್ಚಲ ಗಂಡುಮಗು ಆಗಿದೆ. ಮಗುವಿಗೆ ತಾತನ ಹೆಸರೇ ಆಗಬೇಕು ಅಂತ ಗಂಡನ ಮನೆಯವರ ಹಟ. ತಾತ ಇನ್ನೂ ಗಟ್ಟಿಮುಟ್ಟಾಗಿದ್ದಾರೆ. ಬದುಕಿರುವವರ ಹೆಸರು ಇಡಲೇಬಾರದು ಅಂತ ಅವಳ ಅಮ್ಮ ಅಳ್ತಿದ್ದಾರೆ. ಯಾವುದು ಸರಿ?

ಉತ್ತರ: ಎರಡೂ ಸರಿ. ಜಗಳ ಇಷ್ಟು ನೋಯಿಸೋದು ಅದಕ್ಕೇ. ಇದು ಧರ್ಮಶಾಸ್ತ್ರದ ಕಟ್ಟಳೆ ಅಲ್ಲ, ಮನೆತನದ ರೂಢಿ.

ನಿಮ್ಮ ಗೆಳತಿಯ ತವರು ಅಶ್ಕೆನಾಜಿ ಇರಬೇಕು. ಅಂದರೆ ಜರ್ಮನಿ, ಪೋಲೆಂಡ್, ರಷ್ಯಾ ಕಡೆಯ ಮೂಲ. ಅಲ್ಲಿ ತೀರಿಕೊಂಡವರ ಹೆಸರನ್ನಷ್ಟೇ ಇಡುತ್ತಾರೆ. ಒಂದೇ ಮನೆಯಲ್ಲಿ ಒಂದೇ ಹೆಸರಿನವರು ಇಬ್ಬರಿದ್ದರೆ ಮೃತ್ಯುದೂತ ತಪ್ಪಿ ಮಗುವನ್ನು ಒಯ್ದಾನು ಅನ್ನುವ ಹಳೆಯ ಭಯ ಇದರ ಹಿಂದಿದೆ. ಬದುಕಿರುವವರ ಹೆಸರಿಟ್ಟರೆ ಅವರ ಸಾವಿಗೆ ಕಾದಂತೆ ಅನ್ನುವ ಅಳುಕೂ ಇದೆ.

ಗಂಡನ ಮನೆಯವರು ಸೆಫಾರ್ಡಿಗಳಿರಬಹುದು. ಇವರ ಬೇರು ಸ್ಪೇನಿನದು. 1492ರಲ್ಲಿ ಅಲ್ಲಿಂದ ಹೊರಹಾಕಿದ ಮೇಲೆ ಮೊರೊಕ್ಕೊ, ಟರ್ಕಿ ಕಡೆ ಹೋಗಿ ನೆಲೆಸಿದರು. ಇವರಲ್ಲಿ ಅನೇಕರು ಮೊದಲ ಮಗನಿಗೆ ಅಪ್ಪನ ಅಪ್ಪನ ಹೆಸರಿಡುತ್ತಾರೆ, ಎರಡನೆಯವನಿಗೆ ಅಮ್ಮನ ಅಪ್ಪನದು. ತಾತ ಕಣ್ಣಾರೆ ನೋಡುವಾಗಲೇ ಹೆಸರಿಡೋದು ಅವರಿಗೆ ಸಲ್ಲಿಸುವ ಮರ್ಯಾದೆ. ಇಡದಿದ್ದರೆ ಆ ತಾತನಿಗೆ ತನ್ನನ್ನು ಲೆಕ್ಕಕ್ಕೇ ಇಟ್ಟಿಲ್ಲ ಅನಿಸುತ್ತೆ.

ಇನ್ನೊಂದು ತೊಡಕೂ ಇದೆ. ಮೊದಲ ಮಗುವಿನ ಹೆಸರು ಆರಿಸುವ ಹಕ್ಕು ತಾಯಿಯದು ಅನ್ನುವ ರೂಢಿ ಹಲವು ಅಶ್ಕೆನಾಜಿ ಮನೆಗಳಲ್ಲಿದೆ. ಹಾಗಾಗಿ ಈ ಸರದಿ ತಮ್ಮದೇ ಅಂತ ಎರಡೂ ಕಡೆಯವರು ನಂಬಿರಬಹುದು.

ಬದುಕಿರುವವರ ಹೆಸರಿಟ್ಟ ಕಥೆ ಯಹೂದಿಗಳ ಪ್ರಾಚೀನ ಧರ್ಮಗ್ರಂಥ ತಾಲ್ಮುಡ್‌ನಲ್ಲೇ ಇದೆ. ಒಬ್ಬ ತಾಯಿಯ ಇಬ್ಬರು ಗಂಡುಮಕ್ಕಳು ಸುನ್ನತಿ ಆದ ಮೇಲೆ ತೀರಿಕೊಂಡಿದ್ದರು. ಮೂರನೆಯದನ್ನು ಎತ್ತಿಕೊಂಡು ಅವಳು ರಬ್ಬಿ (ಯಹೂದಿ ಧರ್ಮಗುರು) ನಾಥಾನರ ಹತ್ತಿರ ಬಂದಳು. ಮಗುವಿನ ಮೈ ಕೆಂಪಗಿತ್ತು. ರಕ್ತ ಮೈಯಲ್ಲಿ ಇಂಗುವವರೆಗೆ ಕಾಯಿರಿ ಅಂದರು ರಬ್ಬಿ. ಕಾದರು, ಮಗು ಉಳಿಯಿತು. ಅದಕ್ಕೆ ನಾಥಾನ್ ಅಂತಲೇ ಹೆಸರಿಟ್ಟರು. ಈ ಕಥೆ ಹೇಳುವವರು ಸ್ವತಃ ಆ ರಬ್ಬಿಯೇ! ನನಗೆ ಬಹಳ ಇಷ್ಟವಾದ ಕಥೆ ಇದು.

ಹಾಗಂತ ಗೆಳತಿಯ ಅಮ್ಮನ, ಅಂದರೆ ಮಗುವಿನ ಅಜ್ಜಿಯ ಭಯವನ್ನು ಸುಮ್ನೆ ಮೂಢನಂಬಿಕೆ ಅಂತ ತಳ್ಳಿಹಾಕಬೇಡಿ. ಅದು ಮಗುವಿನ ಮೇಲಿನ ಪ್ರೀತಿಯೇ ಅಲ್ವಾ? ದಾರಿಗಳಿವೆ. ಜೋಡಿ ಹೆಸರು ಇಡಬಹುದು: ತಾತನದು ಒಂದು, ತವರಿನಲ್ಲಿ ತೀರಿಕೊಂಡ ಹಿರಿಯರದು ಇನ್ನೊಂದು. ಎರಡು ಸೇರಿದರೆ ಅದು ಬೇರೆಯೇ ಹೆಸರು ಅಂತ ಎಣಿಸುವವರಿದ್ದಾರೆ. ಅರ್ಥ ಉಳಿಸಿಕೊಂಡು ಭಾಷೆ ಬದಲಿಸುವುದೂ ಉಂಟು. ಅಶ್ಕೆನಾಜಿಗಳ ಮಾತಾದ ಯಿದ್ದಿಷ್‌ನ ಹಿರ್ಷ್ ಹೀಬ್ರೂವಿನಲ್ಲಿ ತ್ಸ್ವಿ ಆಗುತ್ತೆ, ಎರಡಕ್ಕೂ ಜಿಂಕೆ ಅಂತಲೇ ಅರ್ಥ. ಅಮೆರಿಕದಲ್ಲಿ ಹಿರಿಯರ ಹೆಸರಿನ ಬರೀ ಮೊದಲ ಅಕ್ಷರ ಉಳಿಸಿಕೊಳ್ಳುವವರೂ ಇದ್ದಾರೆ.

ಎಂಟನೇ ದಿನ ಸುನ್ನತಿಯಾಗಿ, ಮಗುವಿನ ತುಟಿಗೆ ಒಂದು ಹನಿ ದ್ರಾಕ್ಷಾರಸ ಮುಟ್ಟಿಸುವ ಹೊತ್ತಿಗೆ ಹೆಸರು ಕೂಗುತ್ತಾರೆ. ಅಲ್ಲಿಯವರೆಗೆ ಅನೇಕರು ಅದನ್ನು ಯಾರಿಗೂ ಹೇಳೋದಿಲ್ಲ. ಆದರೆ ಈ ಮನೆಯಲ್ಲಿ ಅಷ್ಟು ಗುಟ್ಟು ಬೇಡ. ಆ ದಿನಕ್ಕೆ ಮುಂಚೆಯೇ ಗೆಳತಿ ಮತ್ತು ಅವಳ ಗಂಡ ತಾತನ ಹತ್ತಿರ ಕೂತು ಅಜ್ಜಿಯ ಭಯವನ್ನು ಬಿಡಿಸಿ ಹೇಳಲಿ. ಆಮೇಲೆ ಅಜ್ಜಿಯ ಹತ್ತಿರ ಹೋಗಿ ತಾತನ ಆಸೆ ಏನು ಅಂತ ತಿಳಿಸಲಿ.