ಹೊಲದ ವಾಟ್ನಿ (ಪಾಲು ಹಂಚಿಕೆ) ಕೇಸಿನಲ್ಲಿ 900 ವರ್ಷ ಹಳೆಯ ಮಿತಾಕ್ಷರ ಯಾಕೆ ಬರುತ್ತದೆ?

ಬೈಲಹೊಂಗಲದ ಕಡೆಯ ಓದುಗರೊಬ್ಬರ ಪ್ರಶ್ನೆ: "ಅಣ್ಣತಮ್ಮಂದಿರ ನಡುವೆ ಹೊಲದ ವಾಟ್ನಿ ದಾವೆ ನಡದೈತ್ರಿ. ವಕೀಲರು ಮಾತುಮಾತಿಗೆ ಮಿತಾಕ್ಷರ ಅಂತಾರ. ಅದು ಈಗಿನ ಕಾಯ್ದೆನೋ, ಹಳೇ ಶಾಸ್ತ್ರನೋ?"

ಗ್ರಂಥ ಹಳೆಯದೇ. ಆದರೆ ಅದರ ಮುಖ್ಯ ನಿಯಮ ಈಗಿನ ಕಾಯ್ದೆಯೊಳಗೂ ಕೂತಿದೆ.

ಬರೆದವರು ವಿಜ್ಞಾನೇಶ್ವರ. ಊರು ಕಲ್ಯಾಣ, ಅಂದರೆ ಈಗಿನ ಬಸವಕಲ್ಯಾಣ. ಕಾಲ ಚಾಲುಕ್ಯ ದೊರೆ ಆರನೇ ವಿಕ್ರಮಾದಿತ್ಯನದು (1076–1126). ಇದು ರಾಜಾಜ್ಞೆ ಅಲ್ಲ, ಯಾಜ್ಞವಲ್ಕ್ಯ ಸ್ಮೃತಿ ಅನ್ನುವ ಹಳೆಯ ಧರ್ಮಶಾಸ್ತ್ರಕ್ಕೆ ಬರೆದ ವ್ಯಾಖ್ಯಾನ. ಹಾಗಿದ್ದೂ ಬಂಗಾಳದ ಕಡೆ ಬಿಟ್ಟರೆ ಹೆಚ್ಚುಕಡಿಮೆ ಇಡೀ ದೇಶದ ಹಿಂದೂ ಆಸ್ತಿ ಕಾನೂನಿಗೆ ಇದೇ ತಳಪಾಯ ಆಯಿತು. ನಮ್ಮ ನಾಡಿನಲ್ಲಿ ಕೂತು ಬರೆದದ್ದು ಅಷ್ಟು ದೂರ ಹೋಯಿತು ಅನ್ನೋದು ನಮ್ಮಲ್ಲೇ ಎಷ್ಟೋ ಜನರಿಗೆ ಗೊತ್ತಿಲ್ಲ, ಅದು ನನಗೆ ಬೇಜಾರಿನ ವಿಷಯ.

ನಿಯಮ ಇಷ್ಟು: ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿದಾಗಲೇ ಹಕ್ಕು ಬರುತ್ತದೆ. ಅಪ್ಪ ತೀರಿಕೊಳ್ಳುವ ತನಕ ಕಾಯಬೇಕಿಲ್ಲ. ಬಂಗಾಳದಲ್ಲಿ ನಡೆಯುತ್ತಿದ್ದ ದಾಯಭಾಗ ಅನ್ನುವ ಇನ್ನೊಂದು ಗ್ರಂಥದ ಪ್ರಕಾರ ಅಪ್ಪ ಇರುವ ತನಕ ಮಗನಿಗೆ ಹಕ್ಕೇ ಇಲ್ಲ.

ನನಗೆ ತುಂಬಾ ಹಿಡಿಸಿದ್ದು ಇನ್ನೊಂದು ಜಾಗ. ಹಳೆಯ ಸ್ಮೃತಿಗಳಲ್ಲಿ ಹಿರಿಯ ಮಗನಿಗೆ ಹೆಚ್ಚಿನ ಪಾಲು ಹೇಳಿದೆ. ಅದು ಶಾಸ್ತ್ರದಲ್ಲಿ ಇರುವುದು ನಿಜ ಅಂತ ವಿಜ್ಞಾನೇಶ್ವರರು ಒಪ್ಪುತ್ತಾರೆ. ಆದರೆ ಜನ ಅದನ್ನು ಒಪ್ಪುವುದಿಲ್ಲ, ಜನರಿಗೆ ಬೇಡವಾದದ್ದು ಧರ್ಮವೇ ಆದರೂ ಆಚರಿಸಬಾರದು ಅಂತ ಯಾಜ್ಞವಲ್ಕ್ಯರ ಮಾತನ್ನೇ ಆಧಾರ ಮಾಡಿಕೊಂಡು, ಎಲ್ಲ ಗಂಡುಮಕ್ಕಳಿಗೂ ಸಮಪಾಲು ಅನ್ನುತ್ತಾರೆ. ಕಾನೂನು ಬೆಳೆದದ್ದು ಹೀಗೆ. ಪುಸ್ತಕ ಒಂದು ಕಡೆ, ಊರಿನ ರೂಢಿ ಇನ್ನೊಂದು ಕಡೆ, ನಡುವೆ ಕೂತು ದಾರಿ ಬಿಡಿಸುವ ಪಂಡಿತರು.

ಬ್ರಿಟಿಷರು ಬಂದಮೇಲೆ ಈ ಸಡಿಲು ಹೋಯಿತು. ಹಿಂದೂಗಳ ವಾರಸಾ ವ್ಯಾಜ್ಯಗಳನ್ನು ಶಾಸ್ತ್ರದಂತೆ ತೀರಿಸಬೇಕು ಅಂತ 1772ರಲ್ಲಿ ಬಂಗಾಳದ ಗವರ್ನರ್ ವಾರನ್ ಹೇಸ್ಟಿಂಗ್ಸ್ ಗೊತ್ತುಮಾಡಿದ. 1810ರಲ್ಲಿ ಸಂಸ್ಕೃತ ಬಲ್ಲ ಇಂಗ್ಲಿಷ್ ಅಧಿಕಾರಿ ಕೋಲ್‌ಬ್ರೂಕ್ ಮಿತಾಕ್ಷರದ ದಾಯವಿಭಾಗವನ್ನು, ಅಂದರೆ ಆಸ್ತಿ ಹಂಚಿಕೆಯ ಭಾಗವನ್ನು, ಇಂಗ್ಲಿಷಿಗೆ ತಂದ. ಸಂಸ್ಕೃತ ಬಾರದ ಜಡ್ಜುಗಳು ಆ ಅನುವಾದವನ್ನೇ ಕಾಯ್ದೆ ಪುಸ್ತಕದಂತೆ ಓದತೊಡಗಿದರು. ಒಂದು ತೀರ್ಪು ಬಂದರೆ ಮುಂದಿನವರಿಗೂ ಅದೇ ದಾರಿ. ನಮ್ಮ ಭಾಗ 1818ರಲ್ಲಿ ಪೇಶ್ವೆಯವರಿಂದ ಕಂಪನಿಗೆ ಹೋಗಿ ಮುಂಬೈ ಪ್ರಾಂತಕ್ಕೆ ಸೇರಿತ್ತು. ಅಲ್ಲಿನ 1827ರ ರೆಗ್ಯುಲೇಷನ್ ಮಾತ್ರ ಸರ್ಕಾರದ ಕಾಯ್ದೆ ಇಲ್ಲದ ಕಡೆ ಮೊದಲು ನಾಡಿನ ರೂಢಿ ನೋಡಿ ಅಂದಿತ್ತು. ಅದು ಒಳ್ಳೆಯದಾಯಿತು. ಅಣ್ಣತಮ್ಮಂದಿರು ಬೇರೆಯಾದರೆ ತಾಯಿಗೂ ಒಬ್ಬ ಮಗನಷ್ಟು ಪಾಲು ಅನ್ನುವ ಮಿತಾಕ್ಷರದ ಮಾತು ಮದ್ರಾಸ್ ಕಡೆ ಬಿದ್ದುಹೋಯಿತು, ಮುಂಬೈ ಪ್ರಾಂತದಲ್ಲಿ ಉಳಿಯಿತು. ನಿಮ್ಮ ಕೇಸಿನಲ್ಲಿ ಅವ್ವ ಇದ್ದರೆ ವಕೀಲರನ್ನು ಇದನ್ನು ತಪ್ಪದೆ ಕೇಳಿ.

1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಹಳಷ್ಟನ್ನು ಬದಲಿಸಿತು. ಅದು ಲಿಂಗಾಯತರಿಗೂ ಜೈನರಿಗೂ ಅನ್ವಯಿಸುತ್ತದೆ. ಆದರೆ ಹುಟ್ಟಿನ ಹಕ್ಕು ಗಂಡುಮಕ್ಕಳಿಗೇ ಉಳಿಯಿತು. 1994ರಲ್ಲಿ ಕರ್ನಾಟಕ ಮದುವೆಯಾಗದ ಹೆಣ್ಣುಮಕ್ಕಳಿಗೆ ಅದನ್ನು ಕೊಟ್ಟಿತು, 2005ರ ಸೆಪ್ಟೆಂಬರ್ 9ರಿಂದ ಇಡೀ ದೇಶದಲ್ಲಿ ಮಗಳು, ಮದುವೆ ಆಗಿರಲಿ ಬಿಡಲಿ, ಮಗನಿಗೆ ಸಮ. ಹುಟ್ಟಿನಿಂದ ಹಕ್ಕು ಅನ್ನುವ ವಿಜ್ಞಾನೇಶ್ವರರ ನಿಯಮವೇ ಇಲ್ಲಿ ಮಗಳಿಗೂ ವಿಸ್ತರಿಸಿತು. ವಕೀಲರು ಮಿತಾಕ್ಷರ ಅನ್ನುವುದು ಇದಕ್ಕೇ, ಕಾಯ್ದೆಯ 6ನೇ ಕಲಮಿನಲ್ಲೇ ಆ ಹೆಸರಿದೆ. ಮಗಳಿಗೆ ಹಕ್ಕು ಸಿಗಲು 2005ರ ಆ ದಿನ ಅಪ್ಪ ಬದುಕಿರಬೇಕೆಂದಿಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಅಕ್ಕತಂಗಿಯರನ್ನು ಬಿಟ್ಟು ವಾಟ್ನಿ ಆಗಿದ್ದರೆ ಒಂದು ದಿನಾಂಕ ನೋಡಿ: 2004ರ ಡಿಸೆಂಬರ್ 20. ಅದಕ್ಕೂ ಮೊದಲು ರಿಜಿಸ್ಟರ್ ಆದ ವಾಟ್ನಿ ಪತ್ರ ಅಥವಾ ಕೋರ್ಟಿನ ಡಿಕ್ರಿ ಇದ್ದರೆ ಅದನ್ನು ಕದಲಿಸಲು ಬರುವುದಿಲ್ಲ. ಹಿರಿಯರು ಕೂತು ಬಾಯಿಮಾತಿನಲ್ಲಿ ಹಂಚಿಕೊಟ್ಟದ್ದಾದರೆ, ಸರ್ಕಾರಿ ದಾಖಲೆಗಳಲ್ಲಿ ಗಟ್ಟಿ ಪುರಾವೆ ಇದ್ದ ಅಪರೂಪದ ಕೇಸು ಬಿಟ್ಟು, ಕೋರ್ಟು ಅದನ್ನು ಸುಮ್ನೆ ಒಪ್ಪುವುದಿಲ್ಲ.